ಕಳೆದುಹೋದ ದೊಡ್ಡವರ ಕೌಂಟರು

ನಮ್ಮ ಮಾವನ ಪ್ರಕಾರ ಈ ಭೂಮಿಯ ಮೇಲೆ ಇವತ್ತಿನವರೆಗೆ ಒಂದೇ ಒಂದು ಮಗುವೂ ಕಳೆದುಹೋಗಿಲ್ಲ! ಕಳೆದುಹೋಗುವವರೆಲ್ಲ ಅಪ್ಪ ಅಮ್ಮಂದಿರು. ಮಗು ಇದ್ದ ಜಾಗದಲ್ಲೇ ಇರುತ್ತದೆ. ಈ ದೊಡ್ಡವರು ಐಸ್‌ಕ್ರೀಮು, ಫೋಟೋ, ಫೋನು ಅಂತ ಎಲ್ಲೆಲ್ಲಿಗೋ ಹೋಗಿ ತಪ್ಪಿಸಿಕೊಂಡು, ಆಮೇಲೆ ಪಾಪದ ಮಗುವಿನ ಮೇಲೆ ಗೂಬೆ ಕೂರಿಸುತ್ತಾರೆ. ಇದನ್ನು ಅವರು ತಮಾಷೆಗೆ ಹೇಳುವುದಿಲ್ಲ. ಬೆಳಿಗ್ಗೆ ಹಾಲಿನವನು ಬಂದಿದ್ದ ಅನ್ನುವಷ್ಟೇ ಸಹಜವಾಗಿ ಹೇಳುತ್ತಾರೆ. ನಾನು ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಹತ್ತಿ, ಬೀಳದೆ, ಬಿ.ಎ. ಮುಗಿಸಿಕೊಂಡೇ ಇಳಿದವಳು. ಬಡಿವಾರ ಅಂದರೆ ಅನ್ನಿ, ಆ ಮೆಟ್ಟಿಲು ಹತ್ತಿದ ಕಷ್ಟ ನನಗೆ ಗೊತ್ತು. ಹಾಗಿದ್ದರೂ ಮಾವನ ಈ ಮಾತಿಗೆ ಎದುರು ವಾದ ಹೂಡಿ ಒಂದು ಸಲವೂ ಗೆದ್ದಿಲ್ಲ.

ಮಾವ ಅಂದರೆ ಅಮ್ಮನ ತಮ್ಮ. ಹೆಸರು ಬೇಡ. ಹೆಸರು ಹಾಕಿದರೆ ಓದಿಸಿಕೊಂಡು ಕೇಳಿ, ಎರಡೂ ಕೈ ಜೋಡಿಸಿ, ನಿಮ್ಮ ಅಮೂಲ್ಯವಾದ ಅಭಿಪ್ರಾಯಕ್ಕೆ ಧನ್ಯವಾದ ಮೇಡಂ ಅಂದುಬಿಡುತ್ತಾರೆ. ಕುರುಬರಹಳ್ಳಿಯಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಅವರ ಮನೆ. ಮನೆಯಲ್ಲಿ ಮಾವ, ಅತ್ತೆ ಇಬ್ಬರೇ. ಮಕ್ಕಳಾಗಲಿಲ್ಲ. ಇದನ್ನು ಒಂದೇ ಪದದಲ್ಲಿ ಹೇಳಿ ಮುಂದೆ ಹೋಗುತ್ತೇನೆ, ಅವರೂ ಹಾಗೆಯೇ ಮುಂದೆ ಹೋದರು.

ರಾಜಾಜಿನಗರದಲ್ಲಿ ಅವರಿದ್ದ ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೆ ಮಾವ ಕೆಂಗೇರಿಯಾಚೆಯ ಒಂದು ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದರು. ಪಾರ್ಕು ಅಂದರೆ ವಾಕಿಂಗ್ ಹೋಗುವ ಪಾರ್ಕಲ್ಲ. ಜಾರುಬಂಡೆ, ನೀರಾಟ, ತಲೆಕೆಳಗಾಗಿ ತಿರುಗಿಸುವ ಯಂತ್ರ, ಸಂಸಾರ ಸಮೇತ ಹೋಗಿ ಒದ್ದೆಯಾಗಿ ಬರುವ ಪಾರ್ಕು. ಅಲ್ಲಿ ಗೇಟಿನ ಪಕ್ಕದಲ್ಲಿ ತಪ್ಪಿಸಿಕೊಂಡ ಮಕ್ಕಳ ಕೌಂಟರು ಅಂತ ಒಂದಿತ್ತು. ಒಂದು ಮೈಕು, ಒಂದು ಬೆಂಚು, ಒಂದು ಡಬ್ಬದ ತುಂಬ ಬಿಸ್ಕತ್ತು. ಅದರ ಹಿಂದೆ ನಮ್ಮ ಮಾವ.

ಅಳುತ್ತಿರುವ ಮಗುವನ್ನು ಯಾರಾದರೂ ಎತ್ತಿಕೊಂಡು ಬಂದು ಕೌಂಟರಿಗೆ ಒಪ್ಪಿಸುತ್ತಾರೆ ಅನ್ನಿ. ನಾವೆಲ್ಲ ಏನು ಕೇಳುತ್ತೇವೆ? ಹೆಸರೇನು, ಅಪ್ಪ ಎಲ್ಲಿ, ಅಮ್ಮ ಎಲ್ಲಿ, ಯಾಕೆ ಕೈ ಬಿಟ್ಟೆ. ಮಗು ಇನ್ನೂ ಜೋರಾಗಿ ಅಳುತ್ತದೆ. ಮಾವ ಹಾಗೆ ಕೇಳುತ್ತಿರಲಿಲ್ಲ. ಮಂಡಿಯೂರಿ ಕೂತು, ಮಗುವಿನ ಕಣ್ಣಿನ ಮಟ್ಟಕ್ಕೆ ಬಂದು, ಕೈ ಮುಗಿದು ಹೇಳುತ್ತಿದ್ದರು.

"ನಮಸ್ಕಾರ ಸಾರ್. ನಿಮ್ಮ ಅಪ್ಪ ಅಮ್ಮ ಕಳೆದುಹೋಗಿದಾರಂತೆ. ಗಾಬರಿ ಆಗ್ಬೇಡಿ, ಸಿಗ್ತಾರೆ. ನೋಡೋಕೆ ಹೇಗಿದಾರೆ?"

ಅಷ್ಟೇ. ಅಳು ನಿಂತು, ಮಗುವಿಗೆ ಜವಾಬ್ದಾರಿ ಬಂದುಬಿಡುತ್ತಿತ್ತು! ಬಸವೇಶ್ವರನಗರದ ಒಬ್ಬ ಪುಟಾಣಿ ಮೂಗು ಒರೆಸಿಕೊಂಡು, ಅಪ್ಪ ದಪ್ಪಗಿದ್ದಾರೆ, ಸಿಕ್ಕಿದರೆ ಬೈಬೇಡಿ, ಹೆದರಿಕೊಳ್ಳುತ್ತಾರೆ ಅಂದನಂತೆ. ಮಾವ ಮೈಕು ತೆಗೆದುಕೊಂಡು ಪಾರ್ಕಿಗೆಲ್ಲ ಕೇಳುವ ಹಾಗೆ, ಬಸವೇಶ್ವರನಗರದ ಚಿಕ್ಕ ಯಜಮಾನರು ತಮ್ಮ ತಂದೆಯವರನ್ನು ಹುಡುಕುತ್ತಿದ್ದಾರೆ, ತಂದೆಯವರು ಎಲ್ಲಿದ್ದರೂ ಧೈರ್ಯವಾಗಿ ಕೌಂಟರಿಗೆ ಬರಬೇಕು, ಇಲ್ಲಿ ಯಾರೂ ಬೈಯುವುದಿಲ್ಲ ಅಂತ ಸಾರಿದರು. ತಂದೆಯವರು ಬಂದರು. ಕೆಂಡವಾಗಿ ಬಂದರು. ಹುಡುಗನ ಕಪಾಳಕ್ಕೆ ಎತ್ತಿದ ಕೈ ಎತ್ತಿದ ಹಾಗೇ ಇರುವಾಗ ಮಾವ ನಡುವೆ ನಿಂತು, ಆ ಕೈಯನ್ನೇ ಹಿಡಿದು ಕುಲುಕಿ, ನೀವು ಸಿಕ್ಕಿದ್ದು ನಮಗೆಲ್ಲ ಬಹಳ ಸಂತೋಷ ಸಾರ್, ಇನ್ನು ಮುಂದೆ ಹುಷಾರಾಗಿರಿ ಅಂದರಂತೆ. ಬೆಂಚಿನ ಮೇಲಿದ್ದ ಚಿಕ್ಕ ಯಜಮಾನರು, "ಪರವಾಗಿಲ್ಲ ಬಿಡಿ ಅಂಕಲ್, ಮೊದಲನೇ ಸಲ" ಅಂದರಂತೆ!

ಕೌಂಟರಿಗೆ ಇನ್ನೆರಡು ಪದ್ಧತಿ ಇದ್ದವು, ಎರಡೂ ಮಾವನೇ ಮಾಡಿಕೊಂಡದ್ದು. ಮಗುವಿಗೆ ಇಡೀ ಬಿಸ್ಕತ್ತು ಕೊಡಬಾರದು. ಮುರಿದು ಅರ್ಧ ಕೊಟ್ಟು, ಇನ್ನರ್ಧ ತಾನು ತಿನ್ನಬೇಕು. ಒಬ್ಬರೇ ಕೂತು ತಿಂದರೆ ಒಂಟಿ ಅನ್ನಿಸುತ್ತದಂತೆ. ಇನ್ನೊಂದು, ಎದುರಿಗೆ ಕೂರಬಾರದು, ಪಕ್ಕದಲ್ಲಿ ಕೂರಬೇಕು. ಎದುರಿಗೆ ಕೂತರೆ ಪೊಲೀಸ್ ಸ್ಟೇಷನ್ನು, ಪಕ್ಕದಲ್ಲಿ ಕೂತರೆ ಬಸ್ ಸ್ಟಾಪು. ಬಸ್ ಸ್ಟಾಪಿನಲ್ಲಿ ಕೂತವರಿಗೆ ಏನೋ ಒಂದು ಬರುತ್ತದೆ ಅನ್ನುವ ನಂಬಿಕೆ ಇರುತ್ತದೆ.

ಇದನ್ನೆಲ್ಲ ನಮಗೆ ನಗುನಗುತ್ತಾ ಹೇಳುತ್ತಿದ್ದವರು ಅತ್ತೆ. ಈಗ ನಾನು ಹೇಳುತ್ತಿದ್ದೇನೆ. ಅತ್ತೆಗೇ ಹೇಳಿದರೆ ಚೆನ್ನಾಗಿದೆ, ಯಾರ ಕಥೆ ಇದು ಅನ್ನುತ್ತಾರೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಸ್ವಲ್ಪ ಹೊತ್ತು ನಗುತ್ತಿರೋಣ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಟೈ ಕಟ್ಟಿದ ಒಬ್ಬರು ಬಂದು, ಅತಿಥಿಗಳ ಜೊತೆ ನಡೆದುಕೊಳ್ಳುವುದು ಹೇಗೆ ಅಂತ ಸಿಬ್ಬಂದಿಗೆಲ್ಲ ಪಾಠ ಮಾಡಿದ್ದರಂತೆ. ಯಾವುದನ್ನೂ ಬೆರಳು ಮಾಡಿ ತೋರಿಸಬಾರದು, ಅಂಗೈ ಬಿಚ್ಚಿ ತೋರಿಸಬೇಕು. 'ಗೊತ್ತಿಲ್ಲ' ಅನ್ನಬಾರದು, 'ಕೇಳಿ ಹೇಳ್ತೀನಿ' ಅನ್ನಬೇಕು. ಮಿಕ್ಕವರು ಆ ಪಾಠವನ್ನು ಮಧ್ಯಾಹ್ನದ ಬಿಸಿಬೇಳೆಬಾತಿನ ಜೊತೆಗೇ ಮುಗಿಸಿ ಕೈ ತೊಳೆದುಕೊಂಡರು. ನಮ್ಮ ಮಾವ ಮಾತ್ರ ಅದನ್ನು ದೀಕ್ಷೆ ತೆಗೆದುಕೊಂಡವರ ಹಾಗೆ ಮನೆಗೇ ತಂದರು! ಗೋಡೆಯ ಮೇಲೆ ಹಲ್ಲಿ ಕಂಡರೂ ಅಂಗೈ ಬಿಚ್ಚಿ ತೋರಿಸುವುದು. ನೋಡಿದವರಿಗೆ ಹಲ್ಲಿಯನ್ನು ಊಟಕ್ಕೆ ಕರೆದ ಹಾಗೆ ಕಾಣುತ್ತಿತ್ತು. ಸಾಸಿವೆ ಡಬ್ಬ ಎಲ್ಲಿಟ್ಟಿರಿ ಅಂತ ಅತ್ತೆ ಕೇಳಿದರೆ, ಕೇಳಿ ಹೇಳ್ತೀನಿ ಅಂತ ನಿಂತುಬಿಡುವುದು.

"ಯಾರನ್ನ ಕೇಳ್ತೀರಿ, ಮ್ಯಾನೇಜರನ್ನಾ?"

"ಮ್ಯಾನೇಜರು ನೀನೇ ಕಣೇ."

"ಹಾಗಾದ್ರೆ ನಾನೇ ಹುಡುಕ್ಕೋತೀನಿ. ನೀವು ಬಾಗಿಲಿಗೆ ಹೋಗಿ ಯಾರಿಗಾದ್ರೂ ಸ್ವಾಗತ ಹೇಳಿ, ಹೋಗ್ರೀ."

ವಿಜಯನಗರದ ಒಂದು ಕಲ್ಯಾಣಮಂಟಪದಲ್ಲಿ ನಡೆದದ್ದನ್ನು ನಮ್ಮ ಬಳಗ ಇನ್ನೂ ಮರೆತಿಲ್ಲ. ಮದುವೆಯ ಊಟದ ಮನೆಯ ಪರಿಸ್ಥಿತಿ ನಿಮಗೆ ಗೊತ್ತಲ್ಲ? ಉಣ್ಣುತ್ತಿರುವವರ ಕುರ್ಚಿಯ ಹಿಂದೆ ಮುಂದಿನ ಪಂಕ್ತಿಯವರು ಬೆನ್ನಿಗೆ ಅಂಟಿಕೊಂಡು ನಿಂತಿರುತ್ತಾರೆ. ಇವನ ಹೋಳಿಗೆ ಯಾವಾಗ ಮುಗಿದೀತು ಅಂತ ಅವನ ಕಣ್ಣು. ಮಾವನಿಗೆ ತಡೆಯಲಾಗಲಿಲ್ಲ. ಪಾರ್ಕಿನ ಸಾಲುಗಳಲ್ಲಿ ಕಾಯುವವರಿಗೆ ಇನ್ನು ಎಷ್ಟು ಹೊತ್ತು ಅಂತ ಹೇಳುತ್ತಾರಲ್ಲ, ಹಾಗೇ ಶುರು ಮಾಡಿದರು. ಅಕ್ಕ, ಈ ಸಾಲಿಗೆ ಇನ್ನೂ ಪಾಯಸ ಬಂದಿಲ್ಲ, ನಿಮಗೆ ಕಾಲು ನೋವು. ಆ ಸಾಲು ಮಜ್ಜಿಗೆಗೆ ಬಂದಿದೆ, ದಯಮಾಡಿ ಆ ಕಡೆ. ಅಂಗೈ ಬಿಚ್ಚಿ ಒಬ್ಬೊಬ್ಬರನ್ನೇ ಕಳಿಸಿ ಇಡೀ ಊಟದ ಮನೆಯನ್ನು ಹದಕ್ಕೆ ತಂದುಬಿಟ್ಟರು. ಗಂಡಿನ ಕಡೆಯ ಹಿರಿಯರೊಬ್ಬರು ಇವರನ್ನು ಅಡುಗೆ ಕಂಟ್ರಾಕ್ಟರ್ ಅಂದುಕೊಂಡು, ಕೋಸಂಬರಿಗೆ ಉಪ್ಪಿಲ್ಲ ಅಂತ ಚೆನ್ನಾಗಿ ಬೈದರು. ಮಾವ ಕ್ಷಮೆ ಕೇಳಿ, ಒಳಗೆ ಹೋಗಿ, ಬಟ್ಟಲಲ್ಲಿ ಉಪ್ಪು ತಂದುಕೊಟ್ಟರು. ಅತ್ತೆ ಎಲೆಯ ಮುಂದೆ ಕೂತು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು. ಆ ನಗು ನನಗೆ ಹಾಗೇ ಕಿವಿಯಲ್ಲಿದೆ.

ಅತ್ತೆಯ ಬಗ್ಗೆ ಹೇಳಬೇಕು. ದಾರಿ ವಿಷಯದಲ್ಲಿ ಮಾವ ದಡ್ಡರು. ಊರಿಗೆಲ್ಲ ದಾರಿ ತೋರಿಸುವ ಮನುಷ್ಯ ಮಾಗಡಿ ರಸ್ತೆಗೆ ಬಂದರೆ ಯಾವ ಕಡೆ ತಿರುಗಬೇಕು ಅಂತ ಅತ್ತೆಯ ಮುಖ ನೋಡುತ್ತಿದ್ದರು. ಅತ್ತೆಗೆ ಓದು ಬರುತ್ತಿರಲಿಲ್ಲ, ಆದರೆ ಬೆಂಗಳೂರಿನ ಬಸ್ಸುಗಳೆಲ್ಲ ಅವರ ನೆಂಟರು. ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದುದರಿಂದ ನನ್ನನ್ನು ಮೊದಲ ದಿನ ಕಾಲೇಜಿಗೆ ಕರೆದುಕೊಂಡು ಹೋದವರು ಅತ್ತೆ. ಮೆಜೆಸ್ಟಿಕ್ಕಿನ ಜನದ ನಡುವೆ ನಾನು ಅವರ ಸೆರಗು ಹಿಡಿದುಕೊಂಡೇ ನಡೆದೆ. ಕಾಲೇಜಿನ ಗೇಟಿನಲ್ಲಿ ಒಂದು ಲೈಟಿನ ಕಂಬ ತೋರಿಸಿ ಹೇಳಿದರು.

"ಸಾಯಂಕಾಲ ಈ ಕಂಬದ ಹತ್ರ ನಿಂತಿರು. ಹೆದರ್ಕೊಂಡು ಅತ್ಲಾಗ್ ಇತ್ಲಾಗ್ ಹೋಗ್ಬೇಡ. ನೀನು ಇದ್ದಲ್ಲೇ ಇರು, ದಾರಿ ಗೊತ್ತಿರೋರು ಬಂದೇ ಬರ್ತಾರೆ."

ಬಂದೇ ಬಂದರು. ನಾನು ಇಲ್ಲಿಯವರೆಗೆ ಬಂದದ್ದು ಆ ಕಂಬದಿಂದ. ಪದವಿ ಪ್ರದಾನದ ದಿನ ಮಾವ ಯೂನಿಫಾರಮ್ಮಿನಲ್ಲೇ ಬಂದು ಸಭಾಂಗಣದ ಬಾಗಿಲಲ್ಲಿ ನಿಂತು, ಗ್ರಾಜುಯೇಟ್ ಮೇಡಂ, ದಾರಿ ಈ ಕಡೆ ಅಂತ ಅಂಗೈ ಬಿಚ್ಚಿದರು. ಹಿಂದಿನಿಂದ ಬಂದ ಯಾರ್ಯಾರೋ ಪ್ರೊಫೆಸರುಗಳೂ ಆ ಕಡೆಯೇ ನಡೆದರು. ಅದು ಕ್ಯಾಂಟೀನಿನ ದಾರಿ! ಎಲ್ಲರನ್ನೂ ವಾಪಸ್ಸು ತಿರುಗಿಸಿದವರು ಅತ್ತೆ.

ಅಂಥ ಅತ್ತೆಗೆ ಮರೆವು ಬಂತು.

ಮೊದಲು ಸಾರಿಗೆ ಎರಡು ಸಲ ಉಪ್ಪು. ಆಮೇಲೆ ಹಾಲಿನ ಪಾತ್ರೆ ಬೀರುವಿನಲ್ಲಿ. ನಾವೂ ನಕ್ಕೆವು, ಅವರೂ ನಕ್ಕರು. ಆಮೇಲೆ ನನ್ನನ್ನು ಅಮ್ಮನ ಹೆಸರಿನಿಂದ ಕರೆಯತೊಡಗಿದರು. ಆಗ ಯಾರೂ ನಗಲಿಲ್ಲ. ಡಾಕ್ಟರು ಏನೇನೋ ತೆಗೆಸಿ ನೋಡಿ, ಇದು ಹೀಗೇ ಹೋಗುತ್ತದೆ, ನಿಧಾನವಾಗಿ ಹೋಗಲಿ ಅಂತ ಮಾತ್ರೆ ಕೊಡೋಣ ಅಂದರು. ಮಾವ ಕೌಂಟರಿನ ಕೆಲಸ ಬಿಟ್ಟು ಮನೆಯಲ್ಲಿ ಕೂತರು.

ಒಂದು ದಿನ ಮಾವ ಸ್ನಾನಕ್ಕೆ ಹೋಗಿದ್ದಾಗ ಅತ್ತೆ ಕರಿಬೇವು ತರುತ್ತೇನೆ ಅಂತ ಹೊರಟವರು ಬಸ್ಸು ಹತ್ತಿಬಿಟ್ಟರು. ಸುಂಕದಕಟ್ಟೆಯ ಒಂದು ಬೇಕರಿಯವರು ಅತ್ತೆಯ ಪರ್ಸಿನಲ್ಲಿ ನಾನು ಇಟ್ಟಿದ್ದ ನಂಬರಿಗೆ ಫೋನು ಮಾಡಿದರು. ಮಾವನನ್ನು ಆಟೋದಲ್ಲಿ ಕೂರಿಸಿಕೊಂಡು ಓಡಿದೆ. ಬೇಕರಿಯ ಮುಂದೆ ಜನ ಸೇರಿತ್ತು. ಕೆಟ್ಟವರಲ್ಲ, ಒಳ್ಳೆಯವರೇ, ಆದರೆ ಎಲ್ಲರೂ ಒಟ್ಟಿಗೇ ಕೇಳುತ್ತಿದ್ದರು. ಅಜ್ಜಿ, ಮನೆ ಎಲ್ಲಿ? ಹೆಸರೇನು? ಮಕ್ಕಳು ಯಾರೂ ಇಲ್ವಾ? ಅತ್ತೆ ಸ್ಟೂಲಿನ ಮೇಲೆ ಕೂತು, ಸೆರಗಿನ ತುದಿ ಬಾಯಿಗೆ ಹಿಡಿದು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಅಳುತ್ತಿದ್ದರು. ಬಸ್ಸುಗಳೆಲ್ಲ ನೆಂಟರಾಗಿದ್ದ ಹೆಂಗಸು!

ಮಾವ ಜನರನ್ನು ಅಂಗೈಯಲ್ಲೇ ಮೆಲ್ಲಗೆ ಸರಿಸಿ, ಬೇಕರಿಯ ಮುಂದಿನ ಧೂಳಿನಲ್ಲಿ ಮಂಡಿಯೂರಿದರು. ಮಂಡಿಯ ಲಟಕ್ಕನ್ನುವ ಸದ್ದು ನನಗೇ ಕೇಳಿಸಿತು.

"ಕ್ಷಮಿಸು ಕಣೇ. ನಾನು ಕಳೆದುಹೋಗ್ಬಿಟ್ಟಿದ್ದೆ. ಸದ್ಯ, ನೀನು ಸಿಕ್ಕಿದೆ."

ಅತ್ತೆ ಅಳು ನಿಲ್ಲಿಸಿದರು. ಕಣ್ಣೊರೆಸಿಕೊಂಡರು. ಕೈಚೀಲದಿಂದ ಮಾವನ ಭುಜಕ್ಕೆ ಒಂದು ಕೊಟ್ಟರು. ಆಟೋದಲ್ಲಿ ಕುರುಬರಹಳ್ಳಿಯವರೆಗೂ ಬೈಗುಳ. ಈ ವಯಸ್ಸಿನಲ್ಲಿ ಎಲ್ಲಿ ಅಂತ ಅಲೆಯುವುದು, ಹೇಳಿ ಹೋಗಬೇಕು ಅನ್ನುವ ಬುದ್ಧಿ ಬೇಡವೇ, ನಿಮ್ಮನ್ನು ಹುಡುಕಿ ಹುಡುಕಿ ನನ್ನ ಕಾಲು ಹೋಯಿತು. ಮಾವ ತಲೆ ತಗ್ಗಿಸಿ ಹೂಂಗುಟ್ಟುತ್ತಿದ್ದರು. ಆಟೋದವರು ಕನ್ನಡಿಯಲ್ಲಿ ನೋಡಿ, "ಅಮ್ಮ ಹೇಳೋದು ಸರಿ ಇದೆ ಯಜಮಾನ್ರೇ, ಜೇಬಲ್ಲಿ ಒಂದು ಫೋನಾದ್ರೂ ಇಟ್ಕೊಳ್ಳಿ" ಅಂದರು. ಆಗಲಿ ಸಾರ್, ನಿಮ್ಮ ಸಲಹೆಗೆ ಧನ್ಯವಾದ ಅಂದರು ಮಾವ!

ಮನೆಗೆ ಬಂದ ಮೇಲೆ ನಾನು ಜಗಳ ತೆಗೆದೆ. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ಕಾಯಿಲೆಯನ್ನು ಕಾಯಿಲೆ ಅನ್ನಬೇಕು, ಅವರಿಗೆ ಮನೆಯ ನೆನಪು ಮಾಡಿಸುತ್ತಾ ಇರಬೇಕು, ಹೀಗೆ ನಾಟಕ ಆಡಿದರೆ ಇರುವ ನೆನಪೂ ಹೋಗುವುದಿಲ್ಲವೇ ಅಂದೆ. ಮಾವ ಅತ್ತೆಯ ಚಪ್ಪಲಿಯ ಧೂಳು ಒರೆಸುತ್ತಿದ್ದರು.

"ನಾಟಕ ಅಲ್ಲ ಕಣಮ್ಮ. ಅವಳ ಕಡೆಯಿಂದ ನೋಡು. ಅವಳು ಅವಳಿದ್ದಲ್ಲೇ ಇದಾಳೆ. ನಾವು ತಾನೇ ಒಬ್ಬೊಬ್ಬರೇ ಕಾಣ್ದೇ ಹೋಗ್ತಿರೋದು?"

ನನಗೆ ಇನ್ನೂ ಅದು ಪೂರ್ತಿ ಸರಿ ಅನ್ನಿಸಿಲ್ಲ. ಆದರೆ ಮಾರನೆಯ ದಿನದಿಂದ ಆಫೀಸು ಬಿಟ್ಟವಳು ನೇರವಾಗಿ ಅಲ್ಲಿಗೇ ಹೋಗತೊಡಗಿದೆ.

ಯಾಕೆಂದರೆ ತೊಂದರೆಯೆಲ್ಲ ದೀಪ ಹಚ್ಚುವ ಹೊತ್ತಿಗೆ. ಆ ಹೊತ್ತಾದರೆ ಅತ್ತೆ ಕೈಚೀಲ ಹಿಡಿದು ಬಾಗಿಲಿಗೆ ಬರುತ್ತಾರೆ. ಎದುರಿಗೇ ನಿಂತ ಮಾವನನ್ನು ನೋಡಿ, ನಮ್ಮನೆಯವರು ಇನ್ನೂ ಬಂದಿಲ್ಲ, ನೀವೇನಾದರೂ ನೋಡಿದಿರಾ ಅಂತ ಕೇಳುತ್ತಾರೆ. ಮೊದಲ ಸಲ ಕೇಳಿದಾಗ ಮಾವ ಗೋಡೆ ಹಿಡಿದುಕೊಂಡದ್ದನ್ನು ನಾನು ಕಂಡಿದ್ದೇನೆ. ಒಂದು ಗಳಿಗೆ, ಅಷ್ಟೇ. ಆಮೇಲೆ ಅವರು ಬೆನ್ನು ನೆಟ್ಟಗೆ ಮಾಡಿ, ಕೈ ಮುಗಿದು, ಕೌಂಟರು ತೆರೆದರು.

"ನಮಸ್ಕಾರ ಮೇಡಂ. ಕೂತ್ಕೊಳ್ಳಿ. ಗಾಬರಿ ಆಗ್ಬೇಡಿ, ಸಿಗ್ತಾರೆ. ನೋಡೋಕೆ ಹೇಗಿದಾರೆ?"

ಅತ್ತೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಹೇಳುತ್ತಾರೆ. ಗುಂಗುರು ಕೂದಲು. ನೀಲಿ ಚೌಕಳಿ ಶರ್ಟು. ಮಾತು ಮೆಲ್ಲಗೆ. ಪಾಪ, ದಾರಿ ಮಾತ್ರ ಗೊತ್ತಾಗುವುದಿಲ್ಲ ಅವರಿಗೆ. ಬೋಳುತಲೆಯ ಮಾವ ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಬಿಸ್ಕತ್ತು ಮುರಿದು ಅರ್ಧ ಕೊಡುತ್ತಾರೆ, ಅರ್ಧ ತಿನ್ನುತ್ತಾರೆ. ಸ್ಟೀಲ್ ಲೋಟವನ್ನು ಬಾಯಿಗೆ ಹಿಡಿದು, ಕುರುಬರಹಳ್ಳಿಯ ಯಜಮಾನರು ಎಲ್ಲಿದ್ದರೂ ಕೂಡಲೇ ಬರಬೇಕು, ಮನೆಯವರು ಕಾಯುತ್ತಿದ್ದಾರೆ ಅಂತ ಸಾರುತ್ತಾರೆ. ಆಮೇಲೆ ಅಡುಗೆಮನೆಯ ಹಿಂಬಾಗಿಲಿನಿಂದ ಹೊರಗೆ ಹೋಗಿ, ಓಣಿ ಸುತ್ತಿ, ಮುಂಬಾಗಿಲಿಗೆ ಬಂದು ನಿಲ್ಲುತ್ತಾರೆ. ದಾರಿ ತಪ್ಪಿತ್ತು ಕಣೇ ಅನ್ನುತ್ತಾರೆ. ಬಂದ್ರಾ, ಎಲ್ಲಿಗೆ ಹೋಗಿದ್ರಿ ಅಂತ ಅತ್ತೆ ಎದ್ದು ಬರುತ್ತಾರೆ. ಆ ದಿನಕ್ಕೆ ಮಾವನಿಗೆ ಹೆಂಡತಿ ಸಿಕ್ಕ ಹಾಗೆ.

ಶರ್ಟು ನಾನು ಹುಡುಕಿ ತಂದುಕೊಟ್ಟೆ, ನೀಲಿ ಚೌಕಳಿಯದೇ. ಆದರೆ ಕೂದಲಿಗೆ ಏನು ಮಾಡುವುದು? ಬಾಗಿಲಲ್ಲಿ ನಿಂತವರ ಮುಖವನ್ನು ಅತ್ತೆ ದಿಟ್ಟಿಸುವ ಹೊತ್ತು ದಿನೇ ದಿನೇ ಹೆಚ್ಚಾಗುತ್ತಿತ್ತು. ಹೆದರಿದ ಮಾವ ಮುಖ್ಯರಸ್ತೆಯ ಸೆಲೂನಿಗೆ ಹೋಗಿ ಕಪ್ಪು ಬಣ್ಣ ಹಚ್ಚಿ ಅಂದರಂತೆ. ಸೆಲೂನಿನವರು ಬಟ್ಟಲು ಹಿಡಿದು ತಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಲ್ಲಿಗೆ ಹಚ್ಚಲಿ ಅಣ್ಣ ಅಂತ ಕೇಳಿದರಂತೆ! ಕಿವಿಯ ಮೇಲೆ ಉಳಿದ ಅಷ್ಟಿಷ್ಟಕ್ಕೆ ಹಚ್ಚಿಸಿಕೊಂಡು ಬಂದರು. ಎದುರುಮನೆಯವರು ಗೇಟಿನಲ್ಲಿ ತಡೆದು, ಏನ್ ಸಾರ್, ಎರಡನೇ ಮದುವೆನಾ ಅಂದರು.

"ಹೌದು ಸಾರ್," ಅಂದರು ಮಾವ ಕೈ ಮುಗಿದು. "ಅದೇ ಹುಡುಗಿ ಜೊತೆ."

ಹೋದ ಭಾನುವಾರ ನಾನು ಅಲ್ಲೇ ಇದ್ದೆ. ದೀಪ ಹಚ್ಚಿದೆ. ಅತ್ತೆ ಚೀಲ ಹಿಡಿದು ಬಂದರು. ಮಾವ ಕೂರಿಸಿದರು, ಕೇಳಿದರು, ಲೋಟ ಹಿಡಿದು ಸಾರಿದರು. ಹಿಂಬಾಗಿಲಿನಿಂದ ಹೋದರು. ಓಣಿಯಲ್ಲಿ ಅವರ ಚಪ್ಪಲಿಯ ಸದ್ದು ಸುತ್ತಿ ಬರುವುದು ನನಗೆ ಕೇಳಿಸುತ್ತಿತ್ತು. ಶರ್ಟಿನ ಗುಂಡಿ ಸರಿ ಮಾಡಿಕೊಂಡು ಮುಂಬಾಗಿಲಲ್ಲಿ ನಿಂತರು.

"ದಾರಿ ತಪ್ಪಿತ್ತು ಕಣೇ."

ಅತ್ತೆ ನೋಡಿದರು. ಶರ್ಟು ನೋಡಿದರು, ಕಿವಿಯ ಮೇಲಿನ ಕಪ್ಪು ನೋಡಿದರು, ಮುಖ ನೋಡಿದರು. ಆಮೇಲೆ ನನ್ನ ಕಡೆ ಬಾಗಿ, ಹೊರಗಿನವರಿಗೆ ಬೇಜಾರಾಗಬಾರದು ಅನ್ನುವ ಹಾಗೆ ಪಿಸುಮಾತಿನಲ್ಲಿ "ಇವರಲ್ಲ" ಅಂದರು.

ಮಾವನಿಗೆ ಕೇಳಿಸಿತು. ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ, ಹೊಸ್ತಿಲ ಮೇಲೆ ನಿಂತೇ ಇದ್ದರು. ನಾನು ಏಳಬೇಕು ಅಂದುಕೊಂಡೆ. ಅಷ್ಟರಲ್ಲಿ ಅತ್ತೆಯೇ ಚೀಲವನ್ನು ಮಡಿಲಿಗೆ ಎಳೆದುಕೊಂಡು ಬೆಂಚಿನ ಮೇಲೆ ಜಾಗ ಮಾಡಿದರು. ಬೆರಳಲ್ಲಿ ಅಲ್ಲ, ಅಂಗೈ ಬಿಚ್ಚಿ ಆ ಜಾಗ ತೋರಿಸಿದರು.

"ನೀವೂ ಯಾರನ್ನೋ ಹುಡುಕ್ತಾ ಇದೀರಾ? ಬನ್ನಿ, ಕೂತ್ಕೊಳ್ಳಿ. ಗಾಬರಿ ಆಗ್ಬೇಡಿ, ಸಿಗ್ತಾರೆ."

ಮಾವ ಬಂದು ಪಕ್ಕದಲ್ಲಿ ಕೂತರು. ಅತ್ತೆ ಪಕ್ಕದ ಡಬ್ಬದಿಂದ ಒಂದು ಬಿಸ್ಕತ್ತು ತೆಗೆದು, ಮುರಿದು ಅರ್ಧ ಕೊಟ್ಟರು.

"ನೋಡೋಕೆ ಹೇಗಿದಾರೆ?"

ಮಾವ ಅತ್ತೆಯ ಮುಖವನ್ನೇ ನೋಡುತ್ತಾ ಹೇಳಿದರು. "ಕೆಂಪು ಹರಳಿನ ಮೂಗುತಿ ಹಾಕಿರ್ತಾರೆ. ಬೈತಾ ಇರ್ತಾರೆ. ನಕ್ಕರೆ ಕಣ್ಣಲ್ಲಿ ನೀರು ಬರತ್ತೆ ಅವರಿಗೆ. ಬಸ್ಸೆಲ್ಲಾ ಗೊತ್ತು. ದಾರಿ ಎಲ್ಲಾ ಗೊತ್ತು."

ಅತ್ತೆ ಸಮಾಧಾನದಿಂದ ತಲೆ ಆಡಿಸಿದರು.

"ಹಾಗಾದ್ರೆ ಯಾಕೆ ಹೆದರ್ತೀರಿ? ನೀವು ಇದ್ದಲ್ಲೇ ಇರಿ. ದಾರಿ ಗೊತ್ತಿರೋರು ಬಂದೇ ಬರ್ತಾರೆ."

ಆಗಲಿ ಮೇಡಂ ಅಂದರು ಮಾವ. ಅರ್ಧ ಬಿಸ್ಕತ್ತನ್ನು ನಿಧಾನವಾಗಿ ತಿಂದರು. ಇಬ್ಬರೂ ಬಾಗಿಲ ಕಡೆ ನೋಡುತ್ತಾ ಕೂತರು.